ಟೋ ಟ್ರಕ್‌ಗೆ ಯಾವ ಚಾಸಿ? ಮೊದಲು ಹಿಂದಿನ ಆಕ್ಸಲ್‌ನ ನಂಬರ್ ಓದಿ

ಪ್ರಶ್ನೆ: ಸರ್, ನಮಸ್ತೆ. ನಾನು ಅಮೆರಿಕದಲ್ಲಿ ಆರು ವರ್ಷದಿಂದ ಕೆಟ್ಟು ನಿಂತ ಗಾಡಿ ಎಳೆಯುವ ಒಂದು ಟೋಯಿಂಗ್ ಕಂಪನಿಯಲ್ಲಿ ಡ್ರೈವರ್ ಆಗಿದ್ದೇನೆ. ಈಗ ಸ್ವಂತ ಗಾಡಿ ಮಾಡಿಕೊಳ್ಳಬೇಕು ಅಂತಿದ್ದೇನೆ. ನನ್ನ ಹತ್ತಿರ ಒಂದು ಫೋರ್ಡ್ ಎಫ್-350 ಡೀಸೆಲ್ ಪಿಕಪ್ ಇದೆ, ಹಿಂದೆ ಸಿಂಗಲ್ ಟೈರ್, ಒಳ್ಳೇ ಕಂಡೀಷನ್. ಅದರ ಹಿಂದಿನ ತೊಟ್ಟಿ ತೆಗೆಸಿ ವೀಲ್ ಲಿಫ್ಟ್ (ಕಾರಿನ ಎರಡು ಚಕ್ರ ಹಿಡಿದು ಎತ್ತುವ ತೋಳು) ಇರುವ ರೆಕರ್ ಬಾಡಿ, ಅಂದರೆ ಟೋಯಿಂಗ್ ಬಾಡಿ, ಕೂರಿಸಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. 6 ಟನ್‌ಗಿಂತ ಜಾಸ್ತಿ ಟ್ರೇಲರ್ ಎಳೆಯುತ್ತದೆ ಅಂತ ಕಂಪನಿಯ ಪುಸ್ತಕದಲ್ಲೇ ಇದೆ. ಹಿಂದೆ ತಗ್ಗಿದರೆ ಸ್ಪ್ರಿಂಗ್ ಜೊತೆಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದರಾಯಿತು ಅನ್ನುತ್ತಾರೆ. ಇನ್ನೊಬ್ಬರು ಇದಕ್ಕಿಂತ ದೊಡ್ಡ ಎಫ್-450, ಎಫ್-550 ಅಥವಾ ರ‍್ಯಾಮ್ 5500 ಬಿಟ್ಟು ಬೇರೆ ನೋಡಲೇಬೇಡ ಅನ್ನುತ್ತಾರೆ. ನನಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಕಾರು, ಉಳಿದದ್ದು ದೊಡ್ಡ ಪಿಕಪ್, ಎಸ್‌ಯುವಿ. ಈಚೆಗೆ ಎಲೆಕ್ಟ್ರಿಕ್ ಗಾಡಿಗಳೂ ಬರುತ್ತಿವೆ. ಕೈಯಲ್ಲಿರುವ ದುಡ್ಡು ಕಡಿಮೆ. ಇರುವ ಗಾಡಿಯಲ್ಲೇ ಶುರು ಮಾಡಲಾ, ಅಥವಾ ಸಾಲ ಮಾಡಿ ದೊಡ್ಡ ಚಾಸಿ (ಎಂಜಿನ್, ಕ್ಯಾಬ್, ಫ್ರೇಮ್ ಮಾತ್ರ ಇರುವ ಗಾಡಿ) ತಗೊಳ್ಳಲಾ?

ಉತ್ತರ: ಇರುವ ಗಾಡಿಯಲ್ಲೇ ಆಗುತ್ತದಾ, ಆಗದಿದ್ದರೆ ಎಷ್ಟು ದೊಡ್ಡದಕ್ಕೆ ಹೋಗಬೇಕು ಅಂತ ಎರಡು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ, ಬೇಡ. ನಿಮ್ಮ ಎಂಜಿನ್‌ಗೆ ಶಕ್ತಿ ಸಾಲದು ಅಂತ ಅಲ್ಲ, ಅದು ಬೇಕಾದಷ್ಟಿದೆ. ಹಿಂದಿನ ಆಕ್ಸಲ್ ಈ ಭಾರ ಹೊರುವುದಿಲ್ಲ. ರೆಕರ್ ಬಾಡಿ ಕೂರಿಸುವ ವರ್ಕ್‌ಶಾಪ್‌ನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ನಿಮ್ಮ ಹಾಗೆ ಕೈಯಲ್ಲಿ ಸ್ವಲ್ಪ ದುಡ್ಡು, ಮನಸ್ಸಿನಲ್ಲಿ ದೊಡ್ಡ ಆಸೆ ಇಟ್ಟುಕೊಂಡು ಬಂದವರನ್ನು ತುಂಬಾ ಜನರನ್ನು ನೋಡಿದ್ದೇನೆ. ಅದಕ್ಕೇ ಸುಮ್ನೆ ‘ಬೇಡ’ ಅಂದು ಬಿಡುವುದಕ್ಕೆ ಮನಸ್ಸಾಗುತ್ತಿಲ್ಲ, ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಆ ಪುಸ್ತಕದ 6 ಟನ್ ವಿಷಯ. ಅದು ಟ್ರೇಲರ್ ಎಳೆಯುವ ಲೆಕ್ಕ. ಟ್ರೇಲರ್‌ಗೆ ತನ್ನದೇ ಚಕ್ರಗಳಿರುತ್ತವೆ, ಭಾರದ ಬಹುಪಾಲನ್ನು ಅವೇ ಹೊರುತ್ತವೆ. ನಿಮ್ಮ ಗಾಡಿಯ ಕೊಂಡಿಯ ಮೇಲೆ ಕೂರುವುದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಅಂದರೆ 6 ಟನ್ ಟ್ರೇಲರ್‌ಗೆ 600ರಿಂದ 900 ಕೆಜಿ. ಆ ಕೊಂಡಿಯೂ ಹಿಂದಿನ ಆಕ್ಸಲ್‌ಗೆ ಹತ್ತಿರದಲ್ಲೇ ಇರುತ್ತದೆ. ವೀಲ್ ಲಿಫ್ಟ್‌ನಲ್ಲಿ ಹಾಗಲ್ಲ. ಕಾರಿನ ಮುಂದಿನ ಚಕ್ರಗಳ ಮೇಲಿದ್ದ ಪೂರ್ತಿ ಭಾರ ನಿಮ್ಮ ಗಾಡಿಗೆ ನೇತು ಬೀಳುತ್ತದೆ. ಅದೂ ಆಕ್ಸಲ್‌ನಿಂದ ಎರಡು, ಎರಡೂವರೆ ಮೀಟರ್ ಹಿಂದೆ. ಹಾರೆ ಹಾಕಿ ಕಲ್ಲು ಎಬ್ಬಿಸಿದ್ದೀರಲ್ವಾ? ಹಾರೆಯ ಕೆಳಗೆ ಕೊಡುವ ಒತ್ತುಗಲ್ಲು ನಿಮ್ಮ ಹಿಂದಿನ ಆಕ್ಸಲ್ ಅಂದುಕೊಳ್ಳಿ. ಒಂದು ತುದಿಯಲ್ಲಿ ಕಾರು ನೇತಾಡುತ್ತಿದೆ, ಇನ್ನೊಂದು ತುದಿಯಲ್ಲಿ ನಿಮ್ಮ ಎಂಜಿನ್, ಸ್ಟೀರಿಂಗ್, ನೀವು ಕೂತಿರುವ ಕ್ಯಾಬ್ ಮೇಲೇಳುತ್ತಿವೆ.

ಟೆನೆಸಿಯ ಚಾಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ ಅನ್ನುವವರು 1916ರಲ್ಲಿ 1913ರ ಒಂದು ಕ್ಯಾಡಿಲಾಕ್ ಕಾರಿನ ಚಾಸಿಯ ಮೇಲೆ ಕಂಬ, ರಾಟೆ, ಸರಪಳಿ ಕಟ್ಟಿ ಮೊದಲ ರೆಕರ್ ಮಾಡಿದರು. ಅವತ್ತಿಂದ ಇವತ್ತಿನವರೆಗೆ ಹೈಡ್ರಾಲಿಕ್ ಬಂತು, ರಿಮೋಟ್ ಬಂತು, ಈ ಹಾರೆಯ ಲೆಕ್ಕ ಮಾತ್ರ ಒಂದು ಚೂರೂ ಬದಲಾಗಿಲ್ಲ.

ಈ ಕೆಲಸದಲ್ಲಿ ಎಲ್ಲರೂ ಇಟ್ಟುಕೊಳ್ಳುವ ಒಂದು ನಿಯಮವಿದೆ. ಎಷ್ಟೇ ಎತ್ತಿದರೂ, ಖಾಲಿ ಗಾಡಿಯಲ್ಲಿ ಮುಂದಿನ ಆಕ್ಸಲ್ ಮೇಲಿದ್ದ ಭಾರದಲ್ಲಿ ಅರ್ಧವಾದರೂ ಅಲ್ಲೇ ಉಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ಸ್ಟೀರಿಂಗ್, ಬ್ರೇಕ್ ಎರಡೂ ಕೈಬಿಡುತ್ತವೆ. ಲೆಕ್ಕ ಸುಲಭ. ಮುಂದಿನ ಆಕ್ಸಲ್‌ನ ಖಾಲಿ ಭಾರದ ಅರ್ಧ ತಗೊಳ್ಳಿ. ಅದನ್ನು ವೀಲ್ ಬೇಸ್‌ನಿಂದ, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ದೂರದಿಂದ ಗುಣಿಸಿ. ಬಂದದ್ದನ್ನು ಹಿಂದಿನ ಆಕ್ಸಲ್‌ನಿಂದ ಕಾರು ನೇತಾಡುವ ಜಾಗದವರೆಗಿನ ದೂರದಿಂದ ಭಾಗಿಸಿ. ಆ ದೂರವನ್ನು ನಾವು ಓವರ್‌ಹ್ಯಾಂಗ್ ಅನ್ನುತ್ತೇವೆ.

ಮುಂದೆ 2,000 ಕೆಜಿ ಇದೆ, ವೀಲ್ ಬೇಸ್ 3.7 ಮೀಟರ್, ಓವರ್‌ಹ್ಯಾಂಗ್ 2.4 ಮೀಟರ್ ಅಂತ ಇಟ್ಟುಕೊಳ್ಳಿ. ರೆಗ್ಯುಲರ್ ಕ್ಯಾಬ್ (ಒಂದೇ ಸಾಲು ಸೀಟು) ಇರುವ ಡೀಸೆಲ್ ರೆಕರ್‌ನಲ್ಲಿ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ. 1,000 ಗುಣಿಸು 3.7, ಭಾಗಿಸು 2.4. ಸುಮಾರು 1,540 ಕೆಜಿ ಎತ್ತಬಹುದು. ವೀಲ್ ಲಿಫ್ಟ್ ಅನ್ನು ಇನ್ನೊಂದು 30 ಸೆಂಟಿಮೀಟರ್ ಹೊರಗೆ ಚಾಚಿದರೆ ಅದೇ ಗಾಡಿಯಲ್ಲಿ 1,370ಕ್ಕೆ ಇಳಿಯುತ್ತದೆ. ವೀಲ್ ಬೇಸ್ 4.3 ಮೀಟರ್ ಇದ್ದರೆ 1,790ಕ್ಕೆ ಏರುತ್ತದೆ. ಎಂಜಿನ್ ಅದೇ, ಬಾಡಿ ಅದೇ, ಬದಲಾಗಿದ್ದು ದೂರ ಮಾತ್ರ.

ಈಗ ತುಂಬಾ ಜನ ಮರೆಯುವ ಭಾಗಕ್ಕೆ ಬರೋಣ. 1,540 ಕೆಜಿ ಎತ್ತಿದಾಗ ಹಿಂದಿನ ಆಕ್ಸಲ್ ಮೇಲೆ ಬೀಳುವುದು 1,540 ಅಲ್ಲ. ಮುಂದಿನಿಂದ ಎದ್ದ 1,000 ಕೆಜಿ ಎಲ್ಲಿಗೆ ಹೋಗಬೇಕು? ಅದೂ ಹಿಂದಕ್ಕೇ ಬರುತ್ತದೆ. ಒಟ್ಟು 2,540 ಕೆಜಿ. ರೆಕರ್ ಬಾಡಿ ಕೂರಿಸಿದ ಮೇಲೆ ಖಾಲಿಯಲ್ಲೇ ಹಿಂದೆ 2,200ರಿಂದ 2,900 ಕೆಜಿ ಇರುತ್ತದೆ, ಅದರ ಮೇಲೆ ಇದು.

ನಿಮ್ಮ ಗಾಡಿಗೆ ಈ ಲೆಕ್ಕ ಹಾಕಿ ನೋಡಿ. ಸಿಂಗಲ್ ಟೈರ್ ಎಫ್-350 ಪಿಕಪ್‌ನ ಹಿಂದಿನ ಆಕ್ಸಲ್ ರೇಟಿಂಗ್ 3,100 ಕೆಜಿ ಆಸುಪಾಸು ಇರುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ, ಅಲ್ಲಿ ಸರಿಯಾದ ನಂಬರ್ ಸಿಗುತ್ತದೆ. ಹಗುರವಾದ ರೆಕರ್ ಬಾಡಿ ಕೂರಿಸಿದರೂ ಹಿಂದೆ 2,200 ಆಯಿತು. ಉಳಿದದ್ದು 900. ಹಾರೆಯ ಲೆಕ್ಕದಲ್ಲಿ ಎತ್ತಿದ ಪ್ರತಿ ಒಂದು ಕೆಜಿಗೆ ಹಿಂದೆ 1.65 ಕೆಜಿ ಬೀಳುತ್ತದೆ. ಹಾಗಾದರೆ ನೀವು ಎತ್ತಬಹುದಾದದ್ದು 550 ಕೆಜಿಯಷ್ಟು. ಮುಂದೆ ಎಂಜಿನ್ ಇರುವ 1,600 ಕೆಜಿಯ ಸಾಧಾರಣ ಕಾರಿನ ಮುಂಭಾಗವೇ 950 ಕೆಜಿ ಇರುತ್ತದೆ. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥ ಕಾರುಗಳೇ ಅಂದಿರಿ. ಮೊದಲ ಕಾಲ್‌ನಲ್ಲೇ ಮಿತಿ ಮೀರಿರುತ್ತೀರಿ.

ಹಿಂದೆ ನಾಲ್ಕು ಟೈರ್ ಇರುವ ಎಫ್-350 ಡ್ಯುಯಲಿ ಚಾಸಿ ತಗೊಂಡರೆ? ಅದರ ಹಿಂದಿನ ಆಕ್ಸಲ್ 4,400 ಕೆಜಿಯಷ್ಟು ತಡೆಯುತ್ತದೆ. ಬಾಡಿ ಸೇರಿ ಖಾಲಿಯಲ್ಲಿ 2,400 ಅಂದರೆ ಎತ್ತಲು ಸಿಗುವುದು ಸುಮಾರು 1,200 ಕೆಜಿ. ಕಾರುಗಳಿಗೆ ಸಾಕು. ದೊಡ್ಡ ಪಿಕಪ್‌ಗೆ ಸಾಲದು, ಅದರ ಮುಂಭಾಗವೇ 1,400 ದಾಟುತ್ತದೆ. ಇಲ್ಲಿ ಇನ್ನೊಂದು ಮೋಸ ಇದೆ. ಅದೇ ಗಾಡಿಯಲ್ಲಿ 1,540 ಎತ್ತಿದಿರಿ ಅಂದುಕೊಳ್ಳಿ. ಮುಂದೆ 2,000, ಹಿಂದೆ 2,400, ಮೇಲೆ 1,540, ಒಟ್ಟು 5,940 ಕೆಜಿ. ಗಾಡಿಯ ಒಟ್ಟು ಮಿತಿ 14,000 ಪೌಂಡ್, ಅಂದರೆ 6,350 ಕೆಜಿ. ಎಲ್ಲಾ ಸರಿ ಇದೆ ಅಂತ ಕಾಣುತ್ತದೆ. ಹಿಂದಿನ ಆಕ್ಸಲ್ ಮಾತ್ರ 4,940 ಹೊತ್ತುಕೊಂಡು ಐನೂರಕ್ಕೂ ಜಾಸ್ತಿ ಕೆಜಿ ಮಿತಿ ಮೀರಿರುತ್ತದೆ. ಒಟ್ಟು ಭಾರದ ನಂಬರ್ ನೋಡಿ ಸಮಾಧಾನ ಪಟ್ಟುಕೊಳ್ಳುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಟೋ ಟ್ರಕ್‌ನಲ್ಲಿ ಮೊದಲು ಓದಬೇಕಾದದ್ದು ಹಿಂದಿನ ಆಕ್ಸಲ್‌ನ ನಂಬರ್, ಆಮೇಲೆ ಒಟ್ಟು.

ಎಫ್-550ರ ಒಟ್ಟು ಮಿತಿ ಸಾಮಾನ್ಯವಾಗಿ 19,500 ಪೌಂಡ್, ಅಂದರೆ 8,845 ಕೆಜಿ. ಹಿಂದಿನ ಆಕ್ಸಲ್ ಒಂದೇ 6,600 ಕೆಜಿ ಮೇಲೆ. ಬಾಡಿ ಸೇರಿ ಖಾಲಿಯಲ್ಲಿ 2,900 ಇದ್ದರೂ ಇನ್ನೂ 3,700 ಉಳಿದಿರುತ್ತದೆ. ಆ ಗಾಡಿಯಲ್ಲಿ ಮೊದಲು ‘ಸಾಕು’ ಅನ್ನುವುದು ಮುಂದಿನ ಆಕ್ಸಲ್, ಹಿಂದಿನದು ಅಲ್ಲ. ಅದು ಒಳ್ಳೆಯದು. ಮುಂದೆ ಹಗುರಾದದ್ದು ಸ್ಟೀರಿಂಗ್‌ನಲ್ಲಿ ನಿಮ್ಮ ಕೈಗೇ ಗೊತ್ತಾಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಜಾಸ್ತಿ ಬಿದ್ದದ್ದು ಬೇರಿಂಗ್ ಹೋದಾಗಲೋ ಟೈರ್ ಸಿಡಿದಾಗಲೋ ಮಾತ್ರ ಗೊತ್ತಾಗುತ್ತದೆ.

ಇನ್ನು ಏರ್ ಬ್ಯಾಗ್. ಏರ್ ಬ್ಯಾಗ್ ಹಾಕಿದರೆ ಗಾಡಿ ಹಿಂದೆ ತಗ್ಗುವುದಿಲ್ಲ, ನಿಜ. ಇನ್ನೆರಡು ಲೀಫ್ ಪ್ಲೇಟ್ ಸೇರಿಸಿದರೂ ಅಷ್ಟೇ. ಆದರೆ ಆಕ್ಸಲ್‌ನ ಕೊಳವೆ, ಬೇರಿಂಗ್, ಬ್ರೇಕ್, ರಿಮ್, ಟೈರ್ ಎಲ್ಲಾ ಹಳೆಯವೇ. ಗಾಡಿ ನೆಟ್ಟಗೆ ನಿಂತಿದೆ ಅಂತ ಅವುಗಳ ಮೇಲಿನ ಭಾರ ಒಂದು ಕೆಜಿಯೂ ಕಡಿಮೆಯಾಗಿಲ್ಲ. ನನಗೆ ಇದರಲ್ಲಿ ಬೇಜಾರು ತರುವುದು ಏನಂದರೆ, ತಗ್ಗುವುದು ಗಾಡಿ ಕೊಡುವ ಎಚ್ಚರಿಕೆ. ಬ್ಯಾಗ್ ಹಾಕಿಸಿದವರು ದುಡ್ಡು ಕೊಟ್ಟು ಆ ಎಚ್ಚರಿಕೆಯನ್ನೇ ಮುಚ್ಚಿಸಿಕೊಳ್ಳುತ್ತಾರೆ. ಮಿತಿಯೊಳಗೆ ಇರುವ ಗಾಡಿ ಓಲಾಡದಿರಲಿ ಅಂತ ಹಾಕಿಸಿ, ತಪ್ಪಿಲ್ಲ. ಸ್ಟಿಕ್ಕರ್‌ನ ನಂಬರ್ ಅದರಿಂದ ಬದಲಾಗುವುದಿಲ್ಲ, ಅಪಘಾತವಾದರೆ ಇನ್ಶೂರೆನ್ಸ್‌ನವರು ನೋಡುವುದೂ ಆ ಸ್ಟಿಕ್ಕರ್ ಅನ್ನೇ. ಮುಂದಿನ ಬಂಪರ್‌ಗೆ ಕಬ್ಬಿಣದ ತೂಕ ಕಟ್ಟುವುದೂ ಇದೇ ಥರ. ಮುಂದಿನ ಆಕ್ಸಲ್‌ಗೆ ಸ್ವಲ್ಪ ಸಹಾಯ ಆಗುತ್ತದೆ. ಅದಷ್ಟನ್ನೇ ನಂಬಿ ಇನ್ನೂ ಭಾರದ್ದನ್ನು ಎತ್ತಿದರೆ ಹಿಂದಿನ ಆಕ್ಸಲ್‌ನ ಕಷ್ಟ ಜಾಸ್ತಿಯೇ ಆಗುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬರು ಹೀಗೇ ಬೇರೆ ಎಲ್ಲೋ ಮಾಡಿಸಿದ ಪಿಕಪ್ ರೆಕರ್ ಅನ್ನು ನಮ್ಮಲ್ಲಿಗೆ ತಂದರು. ‘ಸ್ಟೀರಿಂಗ್ ಸ್ವಲ್ಪ ಹಗುರ ಅನ್ನಿಸುತ್ತೆ, ನೋಡಿ’ ಅಂದರು. ಹಿಂದೆ ಒಂದು ಎಸ್‌ಯುವಿ ಎತ್ತಿ ಅಂಗಳದಲ್ಲೇ ಒಂದು ಸುತ್ತು ಹಾಕಿದೆ. ಆಗಷ್ಟೇ ಮಳೆ ನಿಂತು ಕಾಂಕ್ರೀಟ್ ಒದ್ದೆಯಾಗಿತ್ತು. ನಾವು ನಡೆಯುವಷ್ಟೇ ವೇಗ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ, ಗಾಡಿ ಮಾತ್ರ ನೇರಕ್ಕೇ ಹೋಯಿತು. ಮುಂದಿನ ಟೈರ್‌ಗಳು ಅಡ್ಡ ನಿಂತು ನೀರನ್ನು ತಳ್ಳಿಕೊಂಡು ಉಜ್ಜುತ್ತಿದ್ದ ಸದ್ದು ಕಿಟಕಿಯಲ್ಲಿ ಕೇಳಿಸಿತು. ನಿಲ್ಲಿಸಿ ಇಳಿದು ಕ್ಯಾಬ್ ಹಿಂದೆ ಟಾರ್ಚ್ ಬಿಟ್ಟೆ. ಬಾಡಿಯ ಸಬ್‌ಫ್ರೇಮ್ ಅನ್ನು, ಅಂದರೆ ಬಾಡಿಯ ತಳದ ಕಬ್ಬಿಣದ ಚೌಕಟ್ಟನ್ನು, ಯಾರೋ ಗಾಡಿಯ ಫ್ರೇಮ್‌ನ ಮೇಲಂಚಿಗೆ ನೇರವಾಗಿ ವೆಲ್ಡ್ ಮಾಡಿದ್ದರು. ವೆಲ್ಡ್ ಮುಗಿಯುವ ತುದಿಯಿಂದ ಒಂದು ಕಂದು ಗೆರೆ ಕೆಳಕ್ಕೆ ಇಳಿದಿತ್ತು, ಕೂದಲೆಳೆಯಷ್ಟು ಸಣ್ಣದು. ಉಗುರು ಆಡಿಸಿದರೆ ಸಿಕ್ಕುತ್ತಿತ್ತು. ಗೆರೆ ಕಂದಾಗಿದೆ ಅಂದರೆ ಬಿರುಕಿನೊಳಗೆ ನೀರು ಹೋಗಿ ತುಕ್ಕು ಹಿಡಿದಿದೆ, ಅದು ನಿನ್ನೆ ಮೊನ್ನೆಯದಲ್ಲ. ಅವರು ಆ ಗಾಡಿಯಲ್ಲೇ ದಿನಾ ಹೈವೇ ಮೇಲೆ ಓಡಾಡುತ್ತಿದ್ದರು. ಅವತ್ತು ಅವರನ್ನು ಗಾಡಿ ಬಿಟ್ಟು ಹೋಗಿ ಅಂತ ಒಪ್ಪಿಸುವುದಕ್ಕೆ ನನಗೆ ಒಂದು ಗಂಟೆ ಬೇಕಾಯಿತು.

ಇಲ್ಲಿಂದ ಫ್ರೇಮ್ ವಿಷಯಕ್ಕೆ ಬರುತ್ತೇನೆ. ಪಿಕಪ್ ಬೇರೆ, ಚಾಸಿ ಕ್ಯಾಬ್ ಬೇರೆ. ಹೆಸರು, ನಂಬರ್ ಒಂದೇ ಇದ್ದರೂ ಬೇರೆ. ಎಫ್-450 ಅಂತ ಬರೆದ ಪಿಕಪ್ ಬರುತ್ತದೆ, ಅದರ ಒಟ್ಟು ಮಿತಿ 14,000 ಪೌಂಡ್. ಎಫ್-450 ಚಾಸಿ ಕ್ಯಾಬ್‌ನದು 16,500. ಪಿಕಪ್‌ನ ಫ್ರೇಮ್ ಹಿಂದೆ ಏರಿಳಿತ ಮಾಡಿಕೊಂಡು ತೊಟ್ಟಿಗೆ ಹೊಂದುವ ಹಾಗೆ ಇರುತ್ತದೆ. ಚಾಸಿ ಕ್ಯಾಬ್‌ನಲ್ಲಿ ಕ್ಯಾಬ್ ಹಿಂದಿನಿಂದ ಕೊನೆವರೆಗೆ ಎರಡು ನೇರ, ಸಪಾಟು ಹಳಿ ಥರ ಇರುತ್ತದೆ, ಒಂದಕ್ಕೊಂದು ಸುಮಾರು 34 ಇಂಚು ದೂರ. ರೆಕರ್ ಬಾಡಿಗಳನ್ನು ಆ ಅಳತೆಗೇ ಮಾಡಿರುತ್ತಾರೆ. ಸಬ್‌ಫ್ರೇಮ್ ಉದ್ದಕ್ಕೂ ಸಮವಾಗಿ ಕೂರುತ್ತದೆ, ಭಾರ ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದಿಲ್ಲ. ಲೈಟ್, ಹೈಡ್ರಾಲಿಕ್ ಪಂಪ್‌ಗೆ ಬೇಕಾದ ವೈರಿಂಗ್ ಕೂಡ ಕಂಪನಿಯಿಂದಲೇ ಬಿಟ್ಟಿರುತ್ತಾರೆ. ಯಾವ ಕಂಪನಿಯ ಚಾಸಿಯೇ ಆಗಲಿ, ಬಾಡಿ ಕಟ್ಟುವವರಿಗೆ ಅಂತ ಒಂದು ಗೈಡ್ ಬಿಡುಗಡೆ ಮಾಡುತ್ತಾರೆ. ಎಲ್ಲಿ ತೂತು ಕೊರೆಯಬಹುದು, ಎಲ್ಲಿ ಕೊರೆಯಬಾರದು, ಎಲ್ಲಿ ವೆಲ್ಡ್ ಮುಟ್ಟಿಸಬಾರದು ಅಂತ ಅದರಲ್ಲಿ ಚಿತ್ರ ಸಮೇತ ಇರುತ್ತದೆ. ಬಾಡಿ ಕೂರಿಸುವವರನ್ನು ಆರಿಸುವಾಗ ಆ ಗೈಡ್ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಬೇರೆ ಕಡೆ ಹೋಗಿ.

‘8 ಟನ್ ಬೂಮ್’ ಅಂತ ಜಾಹೀರಾತು ನೋಡಿರುತ್ತೀರಿ. ಬೂಮ್ ಅಂದರೆ ಕ್ರೇನ್ ಥರ ಎತ್ತುವ ಉದ್ದ ತೋಳು. ಅದು ಬೂಮ್‌ನ ಕಬ್ಬಿಣ ಎಷ್ಟು ತಡೆಯುತ್ತದೆ ಅನ್ನುವ ನಂಬರ್, ಪೂರ್ತಿ ಒಳಗೆ ಎಳೆದುಕೊಂಡಾಗ. ಗಾಡಿ ಎಷ್ಟು ಹೊತ್ತು ಓಡುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಯಾವುದು ತಗೊಳ್ಳಬೇಕು? ನೀವು ಹೇಳಿದ ಕೆಲಸಕ್ಕೆ ನಾನು ಎಫ್-550 ಅಥವಾ ರ‍್ಯಾಮ್ 5500 ಮಟ್ಟದ ಚಾಸಿ ಕ್ಯಾಬ್ ಅನ್ನುತ್ತೇನೆ. ಷೆವರ್ಲೆ ಸಿಲ್ವರಾಡೊ 5500 ಕೂಡ ಅದೇ ಮಟ್ಟದ್ದು. ಎಫ್-450, ರ‍್ಯಾಮ್ 4500 ಕೂಡ ನಡೆಯುತ್ತವೆ, ಆದರೆ ದೊಡ್ಡ ಪಿಕಪ್ ಎತ್ತಿದ ದಿನ ಹಿಂದಿನ ಆಕ್ಸಲ್‌ನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹೊಸದರಲ್ಲಿ ಎರಡಕ್ಕೂ ಬೆಲೆ ವ್ಯತ್ಯಾಸ ಎಷ್ಟಿದೆ ಕೇಳಿ, ಕಡಿಮೆ ಇದ್ದರೆ ಯೋಚನೆ ಮಾಡದೆ ದೊಡ್ಡದಕ್ಕೆ ಹೋಗಿ. ಈ ಚಾಸಿಗಳಲ್ಲಿ 19.5 ಇಂಚಿನ ಕಮರ್ಷಿಯಲ್ ಟೈರ್ ಇರುತ್ತದೆ, ಪಿಕಪ್ ಟೈರ್ ಅಲ್ಲ. ಹಳೇ ಗಾಡಿ ನೋಡಲು ಹೋದಾಗ ಬ್ಯಾಡ್ಜ್ ನಂಬಬೇಡಿ, ಚಕ್ರದ ನಟ್ ಎಣಿಸಿ. ಎಫ್-350 ಡ್ಯುಯಲಿಯಲ್ಲಿ 8, ಎಫ್-550ರಲ್ಲಿ 10.

ಕ್ಯಾಬ್ ವಿಷಯದಲ್ಲಿ ತುಂಬಾ ಜನ ಉಲ್ಟಾ ಯೋಚನೆ ಮಾಡುತ್ತಾರೆ. ಕ್ರೂ ಕ್ಯಾಬ್ (ಎರಡು ಸಾಲು ಸೀಟು) ಅಂದರೆ ಸುಮ್ನೆ ಜಾಸ್ತಿ ಸೀಟು, ಜಾಸ್ತಿ ಖರ್ಚು ಅಂತ. ಆದರೆ ಕ್ರೂ ಕ್ಯಾಬ್ ಬಂದರೆ ವೀಲ್ ಬೇಸ್ ಉದ್ದ ಆಗುತ್ತದೆ, ಎಫ್-550ರಲ್ಲಿ ಸುಮಾರು 4.5 ಮೀಟರ್. ಮುಂದೆ ಭಾರವೂ ಜಾಸ್ತಿ ಇರುತ್ತದೆ. ಮೇಲಿನ ಲೆಕ್ಕದಲ್ಲಿ ಎರಡೂ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತವೆ. ಗಾಡಿ ಕೆಟ್ಟು ನಿಂತ ಕುಟುಂಬವನ್ನು ಮಕ್ಕಳ ಸಮೇತ ಕೂರಿಸಿಕೊಂಡು ಹೋಗಬಹುದು, ಅದು ಈ ಕೆಲಸದಲ್ಲಿ ಸಣ್ಣ ವಿಷಯ ಅಲ್ಲ. ತೊಂದರೆ ಏನಂದರೆ ತಿರುಗಿಸಲು ಜಾಗ ಬೇಕು. ಅಪಾರ್ಟ್‌ಮೆಂಟ್ ಪಾರ್ಕಿಂಗ್ ಒಳಗಿಂದ ಗಾಡಿ ಎಳೆಯುವುದೇ ನಿಮ್ಮ ಮುಖ್ಯ ಕೆಲಸ ಆದರೆ ರೆಗ್ಯುಲರ್ ಕ್ಯಾಬ್ ವಾಸಿ. ಫೋರ್ ವೀಲ್ ಡ್ರೈವ್ ಕೂಡ ಮುಂದೆ ಭಾರ ಸೇರಿಸುತ್ತದೆ. ಹಿಮ ಬೀಳುವ ಕಡೆ ಇದ್ದರೆ, ಅಥವಾ ಮಣ್ಣಿನಲ್ಲಿ ಹೂತ ಗಾಡಿ ಎಳೆಯುವುದಿದ್ದರೆ ತಗೊಳ್ಳಿ. ಇಲ್ಲದಿದ್ದರೆ ರಿಪೇರಿಗೆ ಇನ್ನೊಂದು ಸಾಮಾನು ಜಾಸ್ತಿ ಆಯಿತು ಅಷ್ಟೇ.

ಡೀಸೆಲ್ಲಾ, ಪೆಟ್ರೋಲಾ? ಇದಕ್ಕೆ ಉತ್ತರ ನಿಮ್ಮ ಗಾಡಿ ಎಷ್ಟು ಹೊತ್ತು ನಿಂತಲ್ಲೇ ಆನ್ ಇರುತ್ತದೆ ಅನ್ನುವುದರಲ್ಲಿದೆ. ಟೋ ಟ್ರಕ್ ಅಂದರೆ ಅಪಘಾತದ ಜಾಗದಲ್ಲಿ ಲೈಟ್ ಹಾಕಿಕೊಂಡು, ಪಂಪ್ ಓಡಿಸಿಕೊಂಡು ಗಂಟೆಗಟ್ಟಲೆ ನಿಲ್ಲುವ ಗಾಡಿ. ಅಮೆರಿಕದಲ್ಲಿ 2007ರಿಂದ ಈಚಿನ ಡೀಸೆಲ್ ಎಂಜಿನ್‌ಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೈವೇಯಲ್ಲಿ ಬಿಸಿಯಾಗಿ ಓಡಿದರೆ ಮಸಿ ಸುಟ್ಟು ಹೋಗುತ್ತದೆ. ನಿಂತಲ್ಲೇ ಓಡಿದರೆ ತುಂಬಿಕೊಳ್ಳುತ್ತಾ ಹೋಗುತ್ತದೆ, ಆಮೇಲೆ ಕೆಲಸದ ಮಧ್ಯೆ ಲೈಟ್ ಉರಿಯುತ್ತದೆ, ಶಕ್ತಿ ಇಳಿಯುತ್ತದೆ. ಆ ಫಿಲ್ಟರ್ ತೆಗೆಸಿಬಿಡಿ ಅಂತ ಹೇಳುವವರು ಸಿಗುತ್ತಾರೆ. ಅದು ಫೆಡರಲ್ ಕಾನೂನಿಗೆ ವಿರುದ್ಧ, ದಂಡ ದೊಡ್ಡದು, ಮಾಡಬೇಡಿ. ದಿನಾ ಊರೊಳಗೇ ಐದಾರು ಮೈಲಿ ಓಡಾಟ, ಉಳಿದ ಹೊತ್ತು ನಿಂತೇ ಇರುವುದಾದರೆ ಪೆಟ್ರೋಲ್ ವಿ8 ಬಗ್ಗೆ ಗಂಭೀರವಾಗಿ ಯೋಚನೆ ಮಾಡಿ. ಫೋರ್ಡ್‌ನಲ್ಲಿ 2020ರಿಂದ 7.3 ಲೀಟರ್ ಬಂದಿದೆ. ಕೊಳ್ಳುವ ದುಡ್ಡು ಕಡಿಮೆ, ರಿಪೇರಿ ಸುಲಭ. ಆದರೆ ಪೆಟ್ರೋಲ್ ಎಂಜಿನ್ ಹಗುರ, ಮುಂದಿನ ಆಕ್ಸಲ್ ಮೇಲೆ ಭಾರ ಕಡಿಮೆ ಆಗುತ್ತದೆ, ಎತ್ತುವ ಮಿತಿಯೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತದೆ. ಹೈವೇ ಜಾಸ್ತಿ, ಗುಡ್ಡ ಜಾಸ್ತಿ ಅಂದರೆ ಡೀಸೆಲ್. ಇಳಿಜಾರಿನಲ್ಲಿ ಎಂಜಿನ್‌ನಿಂದಲೇ ವೇಗ ತಗ್ಗಿಸುವ ಎಂಜಿನ್ ಬ್ರೇಕ್ ಒಂದಕ್ಕೇ ಅದು ಬೆಲೆ ಬಾಳುತ್ತದೆ.

ಪಂಪ್ ಓಡಿಸಲು ಗೇರ್ ಬಾಕ್ಸ್ ಪಕ್ಕದಲ್ಲಿ ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಪಂಪ್‌ಗೆ ಕೊಡುವ ಭಾಗ, ಕೂರಿಸಬೇಕು. ಎಲ್ಲಾ ಗೇರ್ ಬಾಕ್ಸ್‌ಗಳಲ್ಲೂ ಅದಕ್ಕೆ ಜಾಗ, ಒಳಗೆ ಗೇರ್ ಬಿಟ್ಟಿರುವುದಿಲ್ಲ. ಹೊಸದು ಆರ್ಡರ್ ಮಾಡುವಾಗಲೇ ಆ ಆಪ್ಷನ್ ಹಾಕಿಸಿ, ಆಮೇಲೆ ಸೇರಿಸುವುದು ಬಹಳ ಕಷ್ಟ.

ಎಲೆಕ್ಟ್ರಿಕ್ ಗಾಡಿ ಅಂದಿರಲ್ಲಾ, ಅದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಅವುಗಳ ಮೋಟಾರ್ ಚಕ್ರಕ್ಕೆ ಸೇರಿಕೊಂಡೇ ಇರುತ್ತದೆ. ಆ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ಕರೆಂಟ್ ಹುಟ್ಟಿಸಲು ಶುರು ಮಾಡುತ್ತದೆ, ಬಿಸಿಯಾಗಿ ಹಾಳಾಗುತ್ತದೆ. ಟೆಸ್ಲಾದಂಥ ಕಂಪನಿಗಳು ನಾಲ್ಕೂ ಚಕ್ರ ನೆಲದಿಂದ ಮೇಲಿರಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಪೆಟ್ರೋಲ್ ಕಾರುಗಳಿಗೂ ಹೆಚ್ಚು ಕಡಿಮೆ ಇದೇ ನಿಯಮ. ವೀಲ್ ಲಿಫ್ಟ್ ರೆಕರ್‌ನಲ್ಲಿ ಹಿಂದಿನ ಚಕ್ರಕ್ಕೆ ಡಾಲಿ, ಅಂದರೆ ಸಣ್ಣ ಚಕ್ರಗಳ ತಳ್ಳುಗಾಡಿ, ಹಾಕಿ ಎಳೆಯಬಹುದು, ಆದರೆ ಹೊತ್ತು ಹಿಡಿಯುತ್ತದೆ. ಭಾರವೂ ಜಾಸ್ತಿ. ಹಮ್ಮರ್ ಎಲೆಕ್ಟ್ರಿಕ್ ಪಿಕಪ್ ಒಂದೇ 4,100 ಕೆಜಿ ಹತ್ತಿರ ಇದೆ. ಇಂಥ ಕೆಲಸ ಜಾಸ್ತಿ ಆಗುತ್ತಿದೆ ಅಂದರೆ ರೋಲ್‌ಬ್ಯಾಕ್, ಅಂದರೆ ಜಾರುವ ಹಾಸು ಇರುವ ಫ್ಲಾಟ್ ಬೆಡ್ ಬೇಕಾಗುತ್ತದೆ. ಅದನ್ನು ಎಫ್-550 ಮೇಲೂ ಕಟ್ಟುತ್ತಾರೆ, ಆದರೆ ಹಾಸಿನ ತೂಕ ಕಳೆದರೆ ಹೊರಲು ಉಳಿಯುವುದು ಮೂರು ಟನ್ ಒಳಗೆ. ಮೇಲೆ ಒಂದು ದೊಡ್ಡ ಪಿಕಪ್ ಹಾಕಿಕೊಂಡು ಹಿಂದೆ ಇನ್ನೊಂದು ಕಾರು ಕಟ್ಟಿದರೆ ಮಿತಿ ಮೀರಿತು. ಅದಕ್ಕೇ ರೋಲ್‌ಬ್ಯಾಕ್ ಮಾಡುವವರು ಬಹುಪಾಲು 26,000 ಪೌಂಡ್ ಮಟ್ಟದ ಟ್ರಕ್ ಚಾಸಿಗೆ ಹೋಗುತ್ತಾರೆ. ಅದು ಪಿಕಪ್ ವಂಶದ್ದಲ್ಲ, ಬೇರೆಯೇ ಗಾಡಿ.

ಲೈಸೆನ್ಸ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಡಿಯ ಒಟ್ಟು ಮಿತಿ 26,001 ಪೌಂಡ್ ಮುಟ್ಟಿದರೆ ಕಮರ್ಷಿಯಲ್ ಲೈಸೆನ್ಸ್ ಬೇಕು. ಟೋ ಟ್ರಕ್, ಹಿಂದೆ ಕಟ್ಟಿದ ಗಾಡಿ ಎರಡರ ಮಿತಿ ಸೇರಿ 26,001 ಮುಟ್ಟಿ, ಹಿಂದೆ ಕಟ್ಟಿದ ಗಾಡಿಯ ಮಿತಿ 10,000 ದಾಟಿದರೂ ಬೇಕು. ರಾಜ್ಯದ ನಿಯಮ ಇದಕ್ಕಿಂತ ಬಿಗಿ ಇರಬಹುದು, ನಿಮ್ಮ ರಾಜ್ಯದ ಲೈಸೆನ್ಸ್ ಆಫೀಸಿನಲ್ಲಿ ಕೇಳಿ.

ದುಡ್ಡು ಕಡಿಮೆ ಅಂದಿರಿ. ನಾನು ನಿಮ್ಮ ಜಾಗದಲ್ಲಿದ್ದರೆ ಪಿಕಪ್ ಮಾರಿ, ಬಾಡಿ ಸಮೇತ ಇರುವ ಹಳೇ ಎಫ್-550 ಅಥವಾ ರ‍್ಯಾಮ್ 5500 ಹುಡುಕುತ್ತಿದ್ದೆ. ಹೊಸ ಚಾಸಿಗೆ ಹೊಸ ಬಾಡಿ ಎಲ್ಲಕ್ಕಿಂತ ಚೆನ್ನ, ನಿಜ. ಆದರೆ ಮೊದಲ ವರ್ಷ ಕಂತಿನ ಭಾರಕ್ಕೆ ಹೆದರಿ ಸಿಕ್ಕ ಸಿಕ್ಕ ಕೆಲಸ, ಎತ್ತಬಾರದ್ದನ್ನೆಲ್ಲಾ ಎತ್ತಿದವರನ್ನು ನೋಡಿದ್ದೇನೆ. ಸಾಲ ಕೂಡ ಒಂದು ಭಾರವೇ. ಹಳೇದರಲ್ಲಿ ಅಪಾಯ ಏನಂದರೆ ಹಿಂದಿನ ಓನರ್ ಅದರ ಮೇಲೆ ಏನೇನು ಎತ್ತಿದ್ದಾರೆ ಅನ್ನುವುದು ಯಾವ ಕಾಗದದಲ್ಲೂ ಇರುವುದಿಲ್ಲ. ಗಾಡಿಯನ್ನೇ ಕೇಳಬೇಕು. ಮೈಲಿ ನೋಡಿ ಸುಮ್ಮನಾಗಬೇಡಿ, ಎಂಜಿನ್ ಅವರ್ಸ್ ನೋಡಿ. ನಿಂತು ಓಡಿದ ಒಂದು ಗಂಟೆ ಅಂದರೆ 25ರಿಂದ 30 ಮೈಲಿ ಓಡಿದಷ್ಟು ಸವೆತ ಅಂತ ನಾವು ಲೆಕ್ಕ ಹಾಕುತ್ತೇವೆ. ಗಾಡಿಯ ಕೆಳಗೆ ಮಲಗಿ. ಕ್ಯಾಬ್ ಹಿಂದೆ, ಹಿಂದಿನ ಸ್ಪ್ರಿಂಗ್ ಕೊಂಡಿಗಳ ಹತ್ತಿರ, ಸಬ್‌ಫ್ರೇಮ್ ಮುಗಿಯುವ ಜಾಗದಲ್ಲಿ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ಆ ಕಂದು ಗೆರೆ ಹುಡುಕಿ. ಒಂದೇ ಜಾಗದಲ್ಲಿ ಹೊಸ ಬಣ್ಣ ಕಂಡರೆ ಅಲ್ಲೇ ನಿಂತು ಇನ್ನೊಂದು ಸಲ ನೋಡಿ. ಹಿಂದಿನ ಚಕ್ರದ ಒಳಗೆ ಎಣ್ಣೆ ಜಿನುಗಿದೆಯಾ, ಒಳಗಿನ ಟೈರ್ ಹೊರಗಿನದಕ್ಕಿಂತ ಜಾಸ್ತಿ ಸವೆದಿದೆಯಾ, ಪಿಟಿಒ ಹಾಕಿದಾಗ ಕೀರಲು ಸದ್ದು ಬರುತ್ತದಾ, ಬೂಮ್ ಎತ್ತಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ಇಳಿಯುತ್ತದಾ, ಎಲ್ಲಾ ನೋಡಿ.

ಇಷ್ಟೆಲ್ಲಾ ಸರಿ ಕಂಡರೆ, ಮುಂಗಡ ಕೊಡುವ ಮೊದಲು ಗಾಡಿಯನ್ನು ಟ್ರಕ್ ಸ್ಟಾಪ್‌ನ ತೂಕದ ಸ್ಕೇಲ್‌ಗೆ ತಗೊಂಡು ಹೋಗಿ. ಖಾಲಿಯಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ ಒಂದು ಚೀಟಿ ತಗೊಳ್ಳಿ. ಆಮೇಲೆ ನಿಮ್ಮ ಪಿಕಪ್ ಅನ್ನೇ ಅದರ ಹಿಂದೆ ಎತ್ತಿ ಇನ್ನೊಂದು ಸಲ ತೂಗಿಸಿ. ಡೀಸೆಲ್ ಎಂಜಿನ್ ಇರುವುದರಿಂದ ಅದರ ಮುಂಭಾಗ 1,900 ಕೆಜಿ ಮುಟ್ಟಬಹುದು, ರೆಗ್ಯುಲರ್ ಕ್ಯಾಬ್ ರೆಕರ್‌ನ ಲೆಕ್ಕಕ್ಕೇ ಅದು ಜಾಸ್ತಿ. ಹಾಗಾಗಿ ಸ್ಕೇಲ್‌ನ ಅಂಗಳದಲ್ಲೇ ಎತ್ತಿ, ನಿಂತಲ್ಲೇ ತೂಗಿಸಿ, ಅದನ್ನು ಎಳೆದುಕೊಂಡು ರಸ್ತೆಗೆ ಹೋಗಬೇಡಿ. ಎರಡನೇ ಚೀಟಿಯಲ್ಲಿ ಮುಂದಿನ ನಂಬರ್ ಮೊದಲನೆಯದರ ಅರ್ಧಕ್ಕಿಂತ ಕೆಳಗೆ ಇಳಿದಿದೆಯಾ, ಹಿಂದಿನದು ಬಾಗಿಲಿನ ಸ್ಟಿಕ್ಕರ್‌ನ ನಂಬರ್ ದಾಟಿದೆಯಾ ನೋಡಿ. ಎರಡೂ ಚೀಟಿ, ಸ್ಟಿಕ್ಕರ್‌ನ ಫೋಟೋ, ಓವರ್‌ಹ್ಯಾಂಗ್ ಅಳತೆ ನನಗೆ ಕಳಿಸಿ. ಆ ಗಾಡಿಯಲ್ಲಿ ಯಾವ ಕಾಲ್ ಒಪ್ಪಿಕೊಳ್ಳಬಹುದು, ಯಾವುದನ್ನು ಬಿಡಬೇಕು ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.